ಜುಮಾ ಮುಗಿಸಿ ಮ್ಯಾಟಿನಿಗೆ

ಊರಿನಿಂದ ಬರುವ ನೆಂಟರಿಗೆ ಆರ್.ಟಿ. ನಗರದ ಮನೆಯ ದಾರಿ ಹೇಳುವಾಗ ನಾವು ಕ್ರಾಸು, ಮೇನು ಅಂತ ನಂಬರ್ ಹೇಳಲು ಹೋಗುವುದಿಲ್ಲ. ಹೇಳಿದರೂ ಅವರಿಗೆ ತಿಳಿಯುವುದಿಲ್ಲ. ‘ರಾಧಾಕೃಷ್ಣ ಥಿಯೇಟರ್ ಹತ್ತಿರ ಇಳಿದು ಫೋನ್ ಮಾಡಿ’ ಅಂದರೆ ಮುಗಿಯಿತು. ಸುಲ್ತಾನ್‌ಪಾಳ್ಯದ ಕಡೆಯವರಾದರೆ ‘ಪುಷ್ಪಾಂಜಲಿ’ ಅನ್ನುತ್ತಾರೆ. ಮೇಖ್ರಿ ಸರ್ಕಲ್ ದಾಟಿ ಪೇಟೆ ಕಡೆ ಹೋಗುವಾಗ ಬಸ್ಸಿನಲ್ಲಿ ‘ಕಾವೇರಿ ಥಿಯೇಟರ್’ ಅಂತ ಕೂಗು ಕೇಳುತ್ತದೆ. ಇಳಿದು ನೋಡಿದರೆ ಅಲ್ಲಿ ಥಿಯೇಟರೇ ಇಲ್ಲ. 1974ರಲ್ಲಿ ಡಾ. ರಾಜ್‌ಕುಮಾರ್ ಅವರ ‘ಬಂಗಾರದ ಪಂಜರ’ದೊಂದಿಗೆ ತೆರೆದ ಕಾವೇರಿ, ಸರಿಯಾಗಿ ಐವತ್ತು ವರ್ಷ ನಡೆದು 2024ರಲ್ಲಿ ಬಾಗಿಲು ಹಾಕಿತು. ಸಾವಿರಕ್ಕಿಂತ ಹೆಚ್ಚು ಜನ ಒಟ್ಟಿಗೆ ಕೂರುತ್ತಿದ್ದ ಕಟ್ಟಡ ನೆಲಸಮವಾಯಿತು. ಸರ್ಕಲ್ಲಿನ ಹೆಸರು ಮಾತ್ರ ಉಳಿದಿದೆ.

ರವೀಂದ್ರನಾಥ ಟಾಗೋರರ ಹೆಸರಿನ ಈ ಬಡಾವಣೆಯಲ್ಲಿ, ಸುತ್ತಲಿನ ಮಠದಹಳ್ಳಿ, ದಿಣ್ಣೂರು, ಕಾವಲ್ ಭೈರಸಂದ್ರ, ಗಂಗಾನಗರಗಳಲ್ಲಿ ಕರಾವಳಿಯಿಂದ ಬಂದ ನಮ್ಮವರು ಸಾಕಷ್ಟು ಇದ್ದಾರೆ. ಹೋಟೆಲಿಗೆ, ಜ್ಯೂಸ್ ಅಂಗಡಿಗೆ, ಬಟ್ಟೆ ವ್ಯಾಪಾರಕ್ಕೆ ಅಂತ ಮೊದಲು ಗಂಡಸರು ಬಂದರು, ಆಮೇಲೆ ಸಂಸಾರ ಬಂತು. ನಮ್ಮವರ ಬೆಂಗಳೂರು ಜೀವನದ ಬಗ್ಗೆ ಬರೆಯುವವರು ಮಸೀದಿ, ಮದ್ರಸ, ಸಂಘ, ವ್ಯಾಪಾರ ಎಲ್ಲವನ್ನೂ ಬರೆಯುತ್ತಾರೆ. ಸಿನಿಮಾ ಮಾತ್ರ ಬಿಟ್ಟುಬಿಡುತ್ತಾರೆ. ಮನೆಯಲ್ಲೂ ಹಾಗೆಯೇ. ಅರವತ್ತು ದಾಟಿದ ಕಾಕಂದಿರನ್ನು ಕೇಳಿದರೆ ಮೊದಲು ‘ಅದೆಲ್ಲ ಯಾಕೆ ಈಗ’ ಅನ್ನುತ್ತಾರೆ. ಹತ್ತು ನಿಮಿಷ ಕಳೆದ ಮೇಲೆ ಯಾವ ಥಿಯೇಟರಿನಲ್ಲಿ ಯಾವ ಸಿನಿಮಾ ನೋಡಿದೆವು, ಬಾಲ್ಕನಿಗೆ ಎಷ್ಟು, ಕೆಳಗೆ ಎಷ್ಟು ಅಂತ ಲೆಕ್ಕ ತಪ್ಪದೆ ಹೇಳತೊಡಗುತ್ತಾರೆ.

ಸಿನಿಮಾ ನೋಡುವುದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಮನೆಗಳಲ್ಲಿ ಯಾವತ್ತೂ ಇತ್ತು, ಈಗಲೂ ಇದೆ. ಅದನ್ನು ಇಲ್ಲಿ ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಬೇಡ ಅಂದಷ್ಟೂ ಹೋದದ್ದು ನಿಜ. ಹೋದವರು ಎಲ್ಲಿ ಕೂತರು, ಯಾರ ಪಕ್ಕ ಕೂತರು, ಹೋಗಲಾಗದವರು ಏನು ಮಾಡಿದರು ಅನ್ನುವುದೂ ನಮ್ಮ ಚರಿತ್ರೆಯ ಒಂದು ತುಂಡೇ.

ಆರ್.ಟಿ. ನಗರ ಹುಟ್ಟುವ ಎಷ್ಟೋ ಮೊದಲೇ ಬೆಂಗಳೂರಿಗೆ ಸಿನಿಮಾ ಬಂದಿತ್ತು. ದಂಡು ಪ್ರದೇಶದಲ್ಲಿ, ಈಗಿನ ಶಿವಾಜಿನಗರದಲ್ಲಿ, ಎಲ್ಗಿನ್ ಇತ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ನಾಟಕಕ್ಕೆಂದು ಕಟ್ಟಿ, ಆಮೇಲೆ ಸಿನಿಮಾಕ್ಕೆ ತಿರುಗಿಸಿದ ಮಂದಿರ ಅದು. ಫ್ರೇಜರ್ ಟೌನಿನಲ್ಲಿ ಎವರೆಸ್ಟ್ ಇತ್ತು. ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ 1934ರ ಮಾರ್ಚ್ 3ರಂದು ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡಿತು. ಪೇಟೆಯ ಕಡೆ ಕನ್ನಡ, ದಂಡಿನ ಕಡೆ ಹಿಂದಿ, ತಮಿಳು, ಇಂಗ್ಲಿಷ್ ಎಂಬಂತೆ ನಗರ ಎರಡು ಪಾಲಾಗಿತ್ತು. ಆರ್.ಟಿ. ನಗರ ಎರಡಕ್ಕೂ ಸಮ ದೂರದಲ್ಲಿತ್ತು. ಬಿಟಿಎಸ್ ಬಸ್ ಹತ್ತಿದರೆ ಒಂದು ಶಿವಾಜಿನಗರಕ್ಕೆ, ಇನ್ನೊಂದು ಮೆಜೆಸ್ಟಿಕ್‌ಗೆ. ಕೂತ ಬಸ್ಸಿನ ಮೇಲೆ ಸಿನಿಮಾದ ಭಾಷೆ ನಿರ್ಧಾರವಾಗುತ್ತಿತ್ತು ಅಂದರೂ ತಪ್ಪಿಲ್ಲ.

ಭಾಷೆಯ ವಿಷಯದಲ್ಲಿ ಬ್ಯಾರಿಗಳಷ್ಟು ಅನುಕೂಲಸ್ಥರು ಬೇರೆ ಯಾರಿದ್ದಾರೆ, ಮಾರಾಯ್ರೆ? ಮನೆಯಲ್ಲಿ ಬ್ಯಾರಿ, ಶಾಲೆಯಲ್ಲಿ ಕನ್ನಡ, ಊರಿನ ಅಂಗಡಿಯಲ್ಲಿ ತುಳು, ಬೆಂಗಳೂರಿಗೆ ಬಂದ ಮೇಲೆ ದಖ್ಖನಿ ಉರ್ದು ಮತ್ತು ತಮಿಳು. ಮಲಯಾಳ ಕಲಿಯಬೇಕೆಂದೇ ಇಲ್ಲ, ಕಿವಿಗೆ ಬಿದ್ದರೆ ಅರ್ಥವಾಗುತ್ತದೆ. ಹಾಗಾಗಿ ನಮ್ಮ ಹುಡುಗರಿಗೆ ಯಾವ ಥಿಯೇಟರೂ ಪರಕೀಯವಾಗಲಿಲ್ಲ. ರಾಜ್‌ಕುಮಾರ್‌ಗೂ ಹೋದರು, ರಜನಿಗೂ ಹೋದರು, ಮಮ್ಮೂಟ್ಟಿ ಸಿನಿಮಾ ಬಂದರೆ ಅದಕ್ಕೂ.

ಹಿಂದಿ ಸಿನಿಮಾದ ಸೆಳೆತ ಬೇರೆಯೇ ಇತ್ತು. ‘ಮುಘಲ್-ಎ-ಆಝಮ್’ (1960), ‘ಮೇರೆ ಮೆಹಬೂಬ್’ (1963), ‘ಪಾಕೀಝಾ’ (1972) ಇವುಗಳಲ್ಲಿ ಮುಸ್ಲಿಮರ ಮನೆ, ಮಾತು, ಸಲಾಂ ಪರದೆ ತುಂಬಾ ಇರುತ್ತಿತ್ತು. ಅದು ಲಖ್ನೋದ ನವಾಬರ ಮನೆ, ನಮ್ಮ ಉಳ್ಳಾಲದ ಮನೆಯಲ್ಲ ಎಂಬುದು ಬೇರೆ ಮಾತು. ಆದರೂ ಅಲ್ಲಿ ಸಲಾಂ ಹೇಳುವ ನಾಯಕನಿದ್ದ. ನಮಗೆ ಹೆಚ್ಚು ಹತ್ತಿರವಾದದ್ದು ನವಾಬನಿಗಿಂತ ಕೂಲಿಯವನೇ. 1982ರ ಜುಲೈ 26ರಂದು ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ‘ಕೂಲಿ’ ಚಿತ್ರೀಕರಣದ ಹೊಡೆದಾಟದ ದೃಶ್ಯದಲ್ಲಿ ಅಮಿತಾಭ್ ಬಚ್ಚನ್ ಹೊಟ್ಟೆಗೆ ಪೆಟ್ಟು ಬಿದ್ದು ಜೀವಕ್ಕೇ ಅಪಾಯ ಬಂದದ್ದು ಹಿರಿಯರಿಗೆ ನೆನಪಿರಬಹುದು. ಇಲ್ಲಿನ ಸೇಂಟ್ ಫಿಲೋಮಿನಾ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೊಟ್ಟು ಆಮೇಲೆ ಮುಂಬೈಗೆ ಸಾಗಿಸಿದರು. ದೇಶದ ಉದ್ದಗಲಕ್ಕೂ ಗುಡಿ, ಮಸೀದಿ, ಚರ್ಚುಗಳಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯಿತು. 1983ರ ಡಿಸೆಂಬರಿನಲ್ಲಿ ಸಿನಿಮಾ ಬಂದಾಗ ಪೆಟ್ಟು ಬಿದ್ದ ಕ್ಷಣದಲ್ಲಿ ಚಿತ್ರವನ್ನು ನಿಲ್ಲಿಸಿ ತೋರಿಸಿದರು. ಆ ಸಿನಿಮಾದ ನಾಯಕ ಇಕ್ಬಾಲ್ ಎಂಬ ರೈಲ್ವೆ ಕೂಲಿ, ತೋಳಿನ ಬಿಲ್ಲೆಯ ನಂಬರ್ 786. ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದ ಹುಡುಗನಿಗೆ ಆ ಬಿಲ್ಲೆ ಏನಾಗಿ ಕಂಡಿರಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ರಾಮನಗರದ ಬಂಡೆಗಳಲ್ಲಿ ತೆಗೆದ ‘ಶೋಲೆ’ಯ (1975) ಕುರುಡು ಇಮಾಮ್ ಸಾಹೇಬರು ಮಗನ ಶವದ ಮುಂದೆ ನಿಲ್ಲುವ ದೃಶ್ಯಕ್ಕೆ ಗಾಂಧಿ ಕ್ಲಾಸಿನಿಂದ ಬಾಲ್ಕನಿವರೆಗೆ ಎಲ್ಲರೂ ಒಟ್ಟಿಗೆ ಮೌನವಾಗುತ್ತಿದ್ದರು.

ಹೊಸ ಸಿನಿಮಾ ಬರುವುದು ಶುಕ್ರವಾರ. ಮಾರ್ನಿಂಗ್ ಶೋ ಹತ್ತೂವರೆಗೋ ಹನ್ನೊಂದಕ್ಕೋ ಶುರುವಾದರೆ ಬಿಡುವಷ್ಟರಲ್ಲಿ ಜುಮಾ ತಪ್ಪುತ್ತದೆ. ಹಾಗಾಗಿ ನಮ್ಮವರಿಗೆ ‘ಫಸ್ಟ್ ಡೇ’ ಸಿಕ್ಕರೂ ‘ಫಸ್ಟ್ ಶೋ’ ಸಿಗುತ್ತಿರಲಿಲ್ಲ. ಜುಮಾ ಮುಗಿಸಿ, ಎರಡು ತುತ್ತು ತಿಂದು, ಎರಡೂವರೆಯ ಮ್ಯಾಟಿನಿಗೆ ಓಟ. ಬಿಳಿ ಅಂಗಿ, ಅತ್ತರಿನ ವಾಸನೆ, ಟೊಪ್ಪಿ ಮಡಚಿ ಜೇಬಿನಲ್ಲಿ. ಗೇಟಿನಲ್ಲಿ ಟಿಕೆಟ್ ಹರಿಯುವವನಿಗೂ ಗೊತ್ತು, ಇವರು ಎಲ್ಲಿಂದ ನೇರ ಬಂದಿದ್ದಾರೆ ಅಂತ. ಪೆರ್ನಾಲ್ ದಿನವಂತೂ ಹೇಳುವುದೇ ಬೇಡ. ಬೆಳಗ್ಗೆ ಹಿರಿಯರು ಕೊಟ್ಟ ಪೆರ್ನಾಲ್ ದುಡ್ಡು ಸಂಜೆ ಆಗುವಷ್ಟರಲ್ಲಿ ಬಾಕ್ಸ್ ಆಫೀಸಿನ ಕಿಂಡಿಯೊಳಗೆ ಹೋಗಿರುತ್ತಿತ್ತು. ಮುಂಬೈ ನಿರ್ಮಾಪಕರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಾಯಿತು. 2009ರ ‘ವಾಂಟೆಡ್’, 2010ರ ‘ದಬಂಗ್’, 2011ರ ‘ಬಾಡಿಗಾರ್ಡ್’ ಹೀಗೆ ಸಲ್ಮಾನ್ ಖಾನ್ ಸಿನಿಮಾ ಈದ್‌ಗೇ ಬರುವುದು ಒಂದು ಪದ್ಧತಿಯಾಗಿಹೋಯಿತು.

ಈ ಕಥೆಯೆಲ್ಲ ಗಂಡಸರದ್ದು. ಉಮ್ಮಂದಿರ ಸಿನಿಮಾ ಕಥೆ ಬೇರೆ ದಾರಿಯಲ್ಲಿ ಹೋಯಿತು.

ಒಂಟಿ ಪರದೆಯ ಥಿಯೇಟರ್ ಹೆಂಗಸರಿಗೆ ಹಿತವಾದ ಜಾಗ ಆಗಿರಲಿಲ್ಲ. ಲೇಡೀಸ್ ಕೌಂಟರ್ ಬೇರೆ ಇರುತ್ತಿತ್ತು, ಅದು ನಿಜ. ಆದರೆ ಬೀಡಿ ಹೊಗೆ, ಶಿಳ್ಳೆ, ನೂಕುನುಗ್ಗಲು, ಕಾಲಿಡಲಾಗದ ಶೌಚಾಲಯ, ಸೆಕೆಂಡ್ ಶೋ ಬಿಟ್ಟ ಮೇಲೆ ಬಸ್ಸಿಲ್ಲದ ರಸ್ತೆ. ಹಳೆಯ ಟಾಕೀಸುಗಳ ಬಗ್ಗೆ ಕಣ್ಣೀರು ಸುರಿಸಿ ಬರೆಯುವವರು ಇದನ್ನು ಬಿಟ್ಟೇ ಬರೆಯುತ್ತಾರೆ. ನಮ್ಮ ಹೆಂಗಸರು ಹೋಗದೆ ಉಳಿದದ್ದಕ್ಕೆ ಮನೆಯ ನಿರ್ಬಂಧ ಒಂದು ಕಾರಣವಾದರೆ ಥಿಯೇಟರಿನ ಸ್ಥಿತಿಯೂ ಅಷ್ಟೇ ದೊಡ್ಡ ಕಾರಣ.

ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008) ನೋಡಿದವರಿಗೆ ಈ ಮಾತು ಬೇಗ ಅರ್ಥವಾದೀತು. ವೈದೇಹಿಯವರ ಕಥೆಯಿಂದ ಹುಟ್ಟಿದ ಆ ಚಿತ್ರದಲ್ಲಿ ಕುಂದಾಪುರ ಕಡೆಯ ಕುದ್ರುವೊಂದರ ಮುಸ್ಲಿಂ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಹುಚ್ಚು. ದೋಣಿ ಹತ್ತಿ ಪೇಟೆಗೆ ಬಂದು ಒಬ್ಬಳೇ ಕೂತು ಸಿನಿಮಾ ನೋಡುತ್ತಾಳೆ. ಹೆರಿಗೆ ಮಾಡಿಸಲು ಬಾ ಎಂದು ಥಿಯೇಟರಿನೊಳಗಿಂದಲೇ ಅವಳನ್ನು ಎಬ್ಬಿಸಿ ಕರೆದೊಯ್ಯುತ್ತಾರೆ. ಆ ಉಪಕಾರಕ್ಕೆ ಬಣ್ಣದ ಟಿ.ವಿ. ಮತ್ತು ಡಿಶ್ ಸಿಗುತ್ತದೆ. ಅವಳ ಗುಡಿಸಲೇ ಕುದ್ರುವಿನ ಹೆಂಗಸರಿಗೆ ಟಾಕೀಸ್ ಆಗುತ್ತದೆ. ಹಿಂದೂ ಮುಸ್ಲಿಂ ಅನ್ನದೆ ಎಲ್ಲರೂ ಬಂದು ಕೂರುತ್ತಾರೆ. ಕಾರ್ಗಿಲ್ ಯುದ್ಧದ ಕಾಲ, ಮೀನುಗಾರಿಕೆಯ ಜಗಳ ಸೇರಿ ಊರು ಎರಡಾಗುತ್ತದೆ. ಕೊನೆಗೆ ಗುಲಾಬಿ ಕುದ್ರು ಬಿಡಬೇಕಾಗುತ್ತದೆ, ಟಿ.ವಿ. ಅಲ್ಲೇ ಉಳಿಯುತ್ತದೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಅದು. ಕರಾವಳಿಯ ಮುಸ್ಲಿಂ ಹೆಂಗಸಿಗೂ ಸಿನಿಮಾಕ್ಕೂ ಇದ್ದ ನಂಟನ್ನು ಇಷ್ಟು ಹತ್ತಿರದಿಂದ ನೋಡಿದ ಇನ್ನೊಂದು ಕನ್ನಡ ಚಿತ್ರ ನಮಗೆ ನೆನಪಾಗುವುದಿಲ್ಲ.

ನಮ್ಮ ಮನೆಗಳಲ್ಲಿ ಡಿಶ್‌ಗೂ ಮೊದಲು ಬಂದದ್ದು ವಿಸಿಆರ್. ಎಂಬತ್ತರ ದಶಕದಲ್ಲಿ ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಅತ್ತರ್, ಟೈಗರ್ ಬಾಮ್, ಸೀರೆಯ ಜೊತೆಗೆ ನ್ಯಾಷನಲ್ ಪ್ಯಾನಾಸೋನಿಕ್ ಟೇಪ್‌ರೆಕಾರ್ಡರ್ ಇರುತ್ತಿತ್ತು. ಸ್ವಲ್ಪ ಗಟ್ಟಿ ಸಂಬಳದವರಾದರೆ ವಿಸಿಆರ್. ಆ ಮನೆಗೆ ಒಮ್ಮೆಲೇ ಗೌರವ ಹೆಚ್ಚಾಗುತ್ತಿತ್ತು! ಇಲ್ಲದವರು ಬಾಡಿಗೆಗೆ ತರುತ್ತಿದ್ದರು. ಮದುವೆಗೆ ನೆಂಟರು ಸೇರಿದಾಗ ಒಂದು ರಾತ್ರಿಗೆ ಕಲರ್ ಟಿ.ವಿ., ವಿಸಿಆರ್, ಮೂರು ಕ್ಯಾಸೆಟ್. ಒಂದು ಹಿಂದಿ, ಒಂದು ಕನ್ನಡ, ಒಂದು ಮಲಯಾಳ. ಗಂಡಸರು ಜಗಲಿಯಲ್ಲಿ, ಹೆಂಗಸರು ಮಕ್ಕಳು ಒಳಗಿನ ಚಾಪೆಯಲ್ಲಿ. ನಡುವೆ ಹೆಡ್ಡಿಗೆ ಧೂಳು ಕೂತು ಚಿತ್ರ ಗೀರುಗೀರಾದರೆ ಕಾಗದವನ್ನು ತುಂಡು ಮಾಡಿ ಉಜ್ಜುವ ಒಬ್ಬ ತಜ್ಞ ಎಲ್ಲ ಕುಟುಂಬದಲ್ಲೂ ಇದ್ದ. ಬೆಳಗಿನ ಬಾಂಗ್ ಕೇಳುವವರೆಗೂ ನಡೆಯುತ್ತಿತ್ತು. ಥಿಯೇಟರ್ ಮೆಟ್ಟಿಲು ಹತ್ತದ ಎಷ್ಟೋ ಉಮ್ಮಂದಿರು ನೂರಾರು ಸಿನಿಮಾ ನೋಡಿದ್ದು ಹೀಗೆ. ಯಾವ ಟಾಕೀಸಿನ ಲೆಕ್ಕಪುಸ್ತಕದಲ್ಲೂ ಈ ಪ್ರೇಕ್ಷಕರ ಹೆಸರಿಲ್ಲ.

ಕೇರಳದಲ್ಲಿ ಇದೇ ಪ್ರೇಕ್ಷಕರಿಗಾಗಿ ಒಂದು ಪುಟ್ಟ ಉದ್ಯಮವೇ ಹುಟ್ಟಿತು. ಸಲಾಂ ಕೊಡಿಯತ್ತೂರ್ ಮುಂತಾದವರು ಮಲಬಾರಿನ ಮಾಪಿಳ್ಳೆ ಮನೆಗಳಿಗೆಂದೇ ‘ಹೋಮ್ ಸಿನಿಮಾ’ ತೆಗೆದರು. ಥಿಯೇಟರಿಗೆ ಹೋಗದೆ ನೇರ ಸಿ.ಡಿ.ಯಲ್ಲಿ ಮಾರಾಟ. ವರದಕ್ಷಿಣೆ, ಗಲ್ಫ್ ಸಂಸಾರದ ಕಷ್ಟ, ಮನೆಮಂದಿಯೆಲ್ಲ ಕೂತು ನೋಡುವಂಥ ಕಥೆ. ಅದು ಮಂಜೇಶ್ವರ ದಾಟಿ ನಮ್ಮ ಕಡೆಗೂ ಬಂತು, ಅಲ್ಲಿಂದ ಊರಿನ ಬಸ್ಸಿನಲ್ಲಿ ಬೆಂಗಳೂರಿಗೂ. ಭಾಷೆ ನಮ್ಮದಲ್ಲದಿದ್ದರೂ ಮನೆ ನಮ್ಮದರ ಹಾಗೇ ಇತ್ತು.

ನಮ್ಮದೇ ಭಾಷೆ ಪರದೆಗೆ ಬಂದದ್ದು 2011ರಲ್ಲಿ. ಕೆ.ಪಿ. ಸುವೀರನ್ ನಿರ್ದೇಶಿಸಿದ ‘ಬ್ಯಾರಿ’ ಈ ಭಾಷೆಯ ಮೊದಲ ಚಲನಚಿತ್ರ. ತಲಾಖ್ ಮತ್ತು ಮರುಮದುವೆಯ ನಡುವೆ ಸಿಕ್ಕಿಬಿದ್ದ ಹೆಣ್ಣೊಬ್ಬಳ ಕಥೆ. 2012ರಲ್ಲಿ ಪ್ರಕಟವಾದ 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಮರಾಠಿಯ ‘ದೇವೂಳ್’ ಜೊತೆ ದೇಶದ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಅದಕ್ಕೆ ಬಂತು. ನಟಿ ಮಲ್ಲಿಕಾ ಅವರ ಅಭಿನಯಕ್ಕೆ ವಿಶೇಷ ಉಲ್ಲೇಖ. ಸಂತೋಷಪಡುತ್ತಿರುವಾಗಲೇ ಜಗಳವೂ ಬಂತು. ಕಾಸರಗೋಡಿನ ನಮ್ಮ ಸಾರಾ ಅಬೂಬಕ್ಕರ್ ಅವರು ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಕಥೆಯನ್ನೇ ಅನುಮತಿ ಇಲ್ಲದೆ ಬಳಸಿದ್ದಾರೆ ಎಂದು ಕೋರ್ಟಿಗೆ ಹೋದರು. ಎಂಬತ್ತರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು ಮನೆಮನೆಯಲ್ಲಿ ಚರ್ಚೆ ಎಬ್ಬಿಸಿದ ಕಾದಂಬರಿ ಅದು. 2023ರ ಜನವರಿಯಲ್ಲಿ ಸಾರಾ ತೀರಿಕೊಂಡರು.

ಆ ಪ್ರಶಸ್ತಿಯ ಸುದ್ದಿಯನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು, ಫೋನಿನಲ್ಲಿ ಹಂಚಿಕೊಂಡೆವು. ಥಿಯೇಟರಿನಲ್ಲಿ ಕೂತು ನೋಡಿದವರು ನಮ್ಮಲ್ಲಿ ಎಷ್ಟು ಜನ? ಕೈ ಎತ್ತಲು ಹೇಳಿದರೆ ಹೆಚ್ಚು ಕೈಗಳು ಏಳಲಾರವು. ಇದಕ್ಕೆ ನಮ್ಮ ಉದಾಸೀನ ಎಷ್ಟು ಕಾರಣವೋ ಥಿಯೇಟರ್ ವ್ಯವಹಾರವೂ ಅಷ್ಟೇ ಕಾರಣ. ಬೆಂಗಳೂರಿನ ಒಂಟಿ ಪರದೆಗಳಲ್ಲಿ ಬಹುಕಾಲ ನಡೆದದ್ದು ವಾರದ ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ನಿರ್ಮಾಪಕ ಬಾಡಿಗೆ ಕಟ್ಟಬೇಕು. ಮಲ್ಟಿಪ್ಲೆಕ್ಸಿನಲ್ಲಿ ಗಳಿಕೆಯ ಪಾಲು, ಆದರೆ ಸೋಮವಾರ ಸೀಟು ಖಾಲಿ ಕಂಡರೆ ಮುಂದಿನ ಶುಕ್ರವಾರ ಸಿನಿಮಾ ಇಲ್ಲ. ಎರಡರಲ್ಲೂ ಸಣ್ಣ ಭಾಷೆಯ ಚಿತ್ರಕ್ಕೆ ಉಸಿರಾಡಲು ಜಾಗ ಇಲ್ಲ. ತುಳುವರನ್ನು ನೋಡಿ. 1971ರಲ್ಲಿ ‘ಎನ್ನ ತಂಗಡಿ’ಯಿಂದ ಶುರು ಮಾಡಿದರು, ನಡುವೆ ಎಷ್ಟೋ ವರ್ಷ ಸೊರಗಿದರು. 2011ರಲ್ಲಿ ‘ಒರಿಯರ್ದೊರಿ ಅಸಲ್’ ಬಂದಾಗ ಮಂಗಳೂರಿನ ಜ್ಯೋತಿ ಟಾಕೀಸಿಗೆ ಹಳ್ಳಿಯಿಂದ ಸಂಸಾರ ಸಮೇತ ಜನ ಬಂದರು. ಅಲ್ಲಿಂದ ತುಳು ಚಿತ್ರರಂಗ ಎದ್ದು ನಿಂತಿತು. ನೋಡುವವರು ಟಿಕೆಟ್ ತೆಗೆದುಕೊಂಡು ಬಂದರು ಅನ್ನುವುದೇ ಅಲ್ಲಿನ ಗುಟ್ಟು. ಆ ಜ್ಯೋತಿಯೂ ಈಗ ಇಲ್ಲ.

ಬೆಂಗಳೂರಿನಲ್ಲಿ ಇಲ್ಲವಾದವುಗಳ ಪಟ್ಟಿ ಮಾಡಿದರೆ ಈ ಪುಟ ಸಾಲದು. 1968ರಲ್ಲಿ ತೆರೆದ, 1,400ಕ್ಕಿಂತ ಹೆಚ್ಚು ಆಸನಗಳಿದ್ದ ಮೆಜೆಸ್ಟಿಕ್‌ನ ಕಪಾಲಿ 2017ರಲ್ಲಿ ಮುಚ್ಚಿತು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ಕೊನೆಯ ದಿನ ಕೊನೆಯ ಪ್ರದರ್ಶನ ನಡೆಸಿತು. ಎಂ.ಜಿ. ರಸ್ತೆಯ ಪ್ಲಾಜಾ ಮೆಟ್ರೋಗೆ ಹೋಯಿತು, ಹಲಸೂರಿನ ಲಿಡೋ ಮಾಲ್ ಆಯಿತು. ಕಾರಣಗಳು ಎಲ್ಲ ಕಡೆ ಒಂದೇ. ಹಿಂದೆ ಒಂದು ಸಿನಿಮಾದ ರೀಲುಗಳ ಪೆಟ್ಟಿಗೆ ಕೆಲವೇ ಥಿಯೇಟರಿಗೆ ಬರುತ್ತಿತ್ತು, ಜನ ಅಲ್ಲಿಗೇ ಹೋಗಬೇಕಿತ್ತು, ಹಾಗಾಗಿ ನೂರು ದಿನ ಓಡುತ್ತಿತ್ತು. ಡಿಜಿಟಲ್ ಬಂದ ಮೇಲೆ ರೀಲೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಒಂದೇ ದಿನ ನೂರಾರು ಪರದೆಗಳಲ್ಲಿ ಬಿಡುಗಡೆ, ಎರಡು ವಾರದಲ್ಲಿ ಮುಗಿತಾಯ. ಸಾವಿರ ಸೀಟಿನ ಹಾಲ್ ಮೂರನೇ ವಾರ ಯಾರನ್ನು ತುಂಬಿಸಬೇಕು? ಮುಖ್ಯರಸ್ತೆಯಲ್ಲಿರುವ ಆ ಜಾಗದ ಬೆಲೆ ಮಾತ್ರ ಏರುತ್ತಲೇ ಇರುತ್ತದೆ. ಮಾಲೀಕರ ಮಕ್ಕಳು ಎಷ್ಟು ದಿನ ಅಂತ ಪೋಸ್ಟರ್ ಹಚ್ಚಿಸಿಕೊಂಡು ಕೂರುತ್ತಾರೆ?

2004ರಲ್ಲಿ ಕೋರಮಂಗಲದ ಫೋರಂ ಮಾಲಿನಲ್ಲಿ ಹನ್ನೊಂದು ಪರದೆಯ ಪಿವಿಆರ್ ಬಂದಾಗ ಅದನ್ನು ನೋಡಲೆಂದೇ ಉತ್ತರ ಬೆಂಗಳೂರಿನಿಂದ ಹೋದವರಿದ್ದಾರೆ. ಆಮೇಲೆ ಮಲ್ಲೇಶ್ವರದ ಮಂತ್ರಿ ಮಾಲ್, ಒರಾಯನ್, 2023ರಲ್ಲಿ ಬಳ್ಳಾರಿ ರಸ್ತೆಯ ಫೀನಿಕ್ಸ್ ಮಾಲ್ ಆಫ್ ಏಷ್ಯಾ. ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಮ್ಮ ಹೆಂಗಸರು ಹೆದರಿಕೆಯಿಲ್ಲದೆ ಸಿನಿಮಾಕ್ಕೆ ಹೋಗುವಂತಾದದ್ದು ಮಾಲ್ ಬಂದ ಮೇಲೆಯೇ. ಶುಚಿಯಾದ ಶೌಚಾಲಯ, ನಂಬರ್ ಇರುವ ಸೀಟು, ಗಲಾಟೆಯಿಲ್ಲ. ಬುರ್ಖಾ ಹಾಕಿದ ಅಕ್ಕತಂಗಿಯರು ತಾವೇ ಟಿಕೆಟ್ ಬುಕ್ ಮಾಡಿ ಹೋಗಿ ಬರುತ್ತಾರೆ. ಇದು ಸಣ್ಣ ಬದಲಾವಣೆ ಏನಲ್ಲ.

ಆದರೆ ಹೊರಗೆ ಉಳಿದವರೂ ಇದ್ದಾರೆ. ಜ್ಯೂಸ್ ಅಂಗಡಿಯಲ್ಲಿ ಹಣ್ಣು ಹೆಚ್ಚುವ ಹುಡುಗ ಹಿಂದೆ ವಾರದ ರಜೆಯಲ್ಲಿ ನಡೆದುಕೊಂಡೇ ಥಿಯೇಟರಿಗೆ ಹೋಗಿ ಬರುತ್ತಿದ್ದ. ಈಗ ಟಿಕೆಟ್, ಪಾಪ್‌ಕಾರ್ನ್, ಆಟೋ ಸೇರಿಸಿದರೆ ಅವನ ಒಂದು ದಿನದ ದುಡಿಮೆ ಹೋಗುತ್ತದೆ. ಐದು ಜನರ ಸಂಸಾರವಾದರೆ ಬಿಲ್ಲು ನೀವೇ ಕೂಡಿಸಿಕೊಳ್ಳಿ. 2025ರ ಬಜೆಟ್ಟಿನಲ್ಲಿ ರಾಜ್ಯ ಸರಕಾರ ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಘೋಷಿಸಿತು, ಸೆಪ್ಟೆಂಬರಿನಲ್ಲಿ ಅಧಿಸೂಚನೆಯೂ ಬಂತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ಮಧ್ಯಂತರ ತಡೆ ಕೊಟ್ಟಿತು. ಹುಡುಗ ಸಿನಿಮಾವನ್ನು ಮೊಬೈಲಿನಲ್ಲಿ, ರೂಮಿನ ಮೂಲೆಯಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ಒಬ್ಬನೇ ನೋಡುತ್ತಾನೆ.

ಕಾವೇರಿಯ ಕೆಳಗಿನ ಸಾಲಿನಲ್ಲಿ ಅವನ ಕಾಕ ಕೂತಿದ್ದಾಗ ಎಡಕ್ಕೆ ಗುಟ್ಟಹಳ್ಳಿಯ ಹೂವಿನ ವ್ಯಾಪಾರಿ, ಬಲಕ್ಕೆ ಹೆಬ್ಬಾಳದ ಗಾರೆ ಕೆಲಸದವನು ಇದ್ದಿರಬಹುದು. ಮೂವರಲ್ಲಿ ಯಾರೂ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಇಂಟರ್ವಲ್‌ನಲ್ಲಿ ಒಂದೇ ಬೆಂಕಿಕಡ್ಡಿಯಲ್ಲಿ ಮೂವರ ಬೀಡಿ ಹೊತ್ತಿಕೊಳ್ಳುತ್ತಿತ್ತು. ಬಾಡಿಗೆ ಮನೆ ಕೇಳಲು ಹೋದರೆ ಮೊದಲು ಹೆಸರು ಕೇಳುವ ಇದೇ ನಗರದಲ್ಲಿ, ಎರಡೂವರೆ ಗಂಟೆ ಹೆಸರಿಲ್ಲದೆ ಕೂರುವ ಜಾಗ ಅದೊಂದಿತ್ತು.

ಆರ್.ಟಿ. ನಗರದ ರಾಧಾಕೃಷ್ಣದ ಹೆಸರು ಟಿಕೆಟ್ ಆ್ಯಪ್‌ಗಳಿಗೂ ಬಂದಿದೆ. ಮನೆಯಿಂದ ನಡೆದು ಹೋಗಬಹುದಾದ ದೂರ, ಮಾಲಿಗೆ ಹೋಲಿಸಿದರೆ ಹಗುರದ ಖರ್ಚು. ಮುಂದಿನ ಪೆರ್ನಾಲಿಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು ಎಂದು ಯೋಚಿಸುವವರು ಈ ಲೆಕ್ಕವನ್ನೂ ಹಾಕಿ ನೋಡಬಹುದು. ಇನ್ನೊಂದು ವಿನಂತಿ. ಥಿಯೇಟರ್ ಬಾಗಿಲಲ್ಲಿ ಚಿಲ್ಲರೆಗೆ ಮಾರುತ್ತಿದ್ದ ಹಾಡಿನ ಪುಸ್ತಕ, ಕುರಾನ್ ಕಪಾಟಿನಿಂದ ದೂರ ಎಲ್ಲೋ ಟ್ರಂಕಿನ ತಳದಲ್ಲಿ ಬಚ್ಚಿಟ್ಟ ಹರಿದ ಟಿಕೆಟ್ ತುಂಡು, ಗಲ್ಫಿನಿಂದ ಬಂದ ಹಳೇ ಕ್ಯಾಸೆಟ್ಟು ನಿಮ್ಮ ಮನೆಯಲ್ಲಿದ್ದರೆ ಗುಜರಿಗೆ ಹಾಕಬೇಡಿ. ಉಮ್ಮನ ಹತ್ತಿರ ಕೂತು, ಆ ಕ್ಯಾಸೆಟ್ ಯಾವ ಮದುವೆಯ ರಾತ್ರಿಯದ್ದು, ಯಾರೆಲ್ಲ ಕೂತು ನೋಡಿದರು ಅಂತ ಕೇಳಿ, ಅದರ ಡಬ್ಬಿಯ ಮೇಲೇ ಬರೆದಿಡಿ.